ಎಳೆಯುವ ನಾಯಿ ದಾರಿ ಮಧ್ಯೆ ನಿಂತರೆ: ಹಸ್ಕಿ ಜೊತೆ ಓಡುವವರಿಗೆ

ನೊಗ ಹೂಡಿದ ಎತ್ತು ನಡೆಯದೆ ನಿಂತರೆ ಬಲ್ಲ ರೈತ ಬಾರುಕೋಲು ಎತ್ತುವ ಮೊದಲು ಅದರ ಹೆಗಲು ನೋಡುತ್ತಾನೆ. ಹಿಮದ ಜಾರುಬಂಡಿ ಎಳೆಯುವ ತಳಿಗಳಾದ ಹಸ್ಕಿ, ಮಾಲಮ್ಯೂಟ್ ಸಾಕಿಕೊಂಡು ಓಡುವವರು ಮಾಡಬೇಕಾದದ್ದೂ ಅದನ್ನೇ. ನಾನು ಓಡುವುದು ಅಮೆರಿಕದ ಮಿನೆಸೋಟದಲ್ಲಿ, ಮನೆಯ ಎರಡು ಹಸ್ಕಿಗಳ ಜೊತೆ. ನನ್ನ ಸೊಂಟಕ್ಕೆ ಬೆಲ್ಟು, ನಾಯಿಯ ಮೈಗೆ ಹಾರ್ನೆಸ್ ಎಂಬ ಎಳೆಯುವ ಪಟ್ಟಿ, ನಡುವೆ ಸುಮಾರು ಎರಡು ಮೀಟರ್ ಉದ್ದದ ಬಂಜಿ ಹಗ್ಗ, ಅಂದರೆ ರಬ್ಬರಿನಂತೆ ಹಿಗ್ಗುವ ಹಗ್ಗ. ನಿನ್ನೆಯವರೆಗೆ ಹಗ್ಗ ಬಿಗಿ ಹಿಡಿದು ಎಳೆದ ನಾಯಿ ಇವತ್ತು ನಿಂತು ಹಿಂದೆ ತಿರುಗಿ ನೋಡಿದರೆ ಅದನ್ನು ಸೋಮಾರಿ ಎನ್ನುವ ಮೊದಲು ಪಾದ, ಹಾರ್ನೆಸ್, ಬಿಸಿ, ಹೊಟ್ಟೆ, ಕಾಲಿನ ಕೀಲು, ಈ ಸಾಲಿನಲ್ಲಿ ನೋಡಿಕೊಂಡು ಹೋಗುತ್ತೇನೆ. ತರಬೇತಿಯ ಮಾತು ಬರುವುದು ಕೊನೆಗೆ.

ಪಾದದಿಂದಲೇ ಶುರು ಮಾಡುವುದಕ್ಕೆ ಕಾರಣ ಇದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಹಿಮ ಬೆರಳುಗಳ ಸಂದಿಯ ಕೂದಲಿಗೆ ಮೆತ್ತಿಕೊಂಡು ಗೋಲಿಯಂಥ ಗಟ್ಟಿ ಉಂಡೆಯಾಗುತ್ತದೆ, ಸಂದಿಯ ಚರ್ಮ ಸೀಳುತ್ತದೆ. ಬೆರಳು ಬಿಡಿಸಿ ನೋಡದಿದ್ದರೆ ಆ ಸೀಳು ಕಣ್ಣಿಗೇ ಬೀಳುವುದಿಲ್ಲ. ಸಂದಿಯ ಕೂದಲನ್ನು ಪ್ಯಾಡಿನ (ಅಂಗಾಲಿನ ಮೆತ್ತೆಯ) ಮಟ್ಟಕ್ಕೆ ಕತ್ತರಿಸಿ, ಓಟಕ್ಕೆ ಮೊದಲು ಪಾದದ ಮುಲಾಮು ಹಚ್ಚಿ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನ ಚೂರಿನಂತಾಗಿದ್ದರೆ ಬೂಟಿ, ಅಂದರೆ ನಾಯಿಯ ಪಾದಕ್ಕೆ ತೊಡಿಸುವ ಚೀಲ, ಹಾಕಲೇಬೇಕು. ತೆಳು ಕಾರ್ಡೂರಾ (ಗಟ್ಟಿ ನೈಲಾನ್) ಬಟ್ಟೆಯದೇ ಸಾಕು, ದಪ್ಪ ರಬ್ಬರ್ ಅಡಿಯದು ಉಜ್ಜಿ ಗಾಯ ಮಾಡುತ್ತದೆ. ವೆಲ್ಕ್ರೋ ಪಟ್ಟಿಯ ಒಳಗೆ ಕಿರುಬೆರಳು ತೂರಬೇಕು. ಅದಕ್ಕಿಂತ ಬಿಗಿದರೆ ಮಣಿಕಟ್ಟು ಊದಿಕೊಳ್ಳುತ್ತದೆ, ಆಮೇಲೆ ಉಳುಕು ಎಂದುಕೊಂಡು ಡಾಕ್ಟರ ಬಳಿ ಓಡುತ್ತೀರಿ. ಓಟ ಮುಗಿದ ಕೂಡಲೇ ಬೂಟಿ ತೆಗೆಯಿರಿ. ಊರೊಳಗಿನ ರಸ್ತೆಗೆ ಚಳಿಗಾಲದಲ್ಲಿ ಉಪ್ಪು ಚೆಲ್ಲಿರುತ್ತಾರೆ, ಅದನ್ನು ದಾಟಿ ಬಂದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಪಾದ ತೊಳೆದು ಒರೆಸಿ.

ಹಾರ್ನೆಸ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಬೆನ್ನ ಮೇಲೆ ಪಟ್ಟಿಗಳು X ಆಕಾರದಲ್ಲಿ ಕೂಡಿ ಬಾಲದ ಬುಡದವರೆಗೆ ಬರುವ ಎಕ್ಸ್-ಬ್ಯಾಕ್ ಹಾರ್ನೆಸ್ ಮಾಡಿರುವುದು ನೆಲಮಟ್ಟದ ಸ್ಲೆಡ್ಡಿಗೆ (ಹಿಮದ ಜಾರುಬಂಡಿಗೆ). ಹಗ್ಗ ಮನುಷ್ಯನ ಸೊಂಟಕ್ಕೆ ಏರಿದರೆ ಹಾರ್ನೆಸಿನ ಹಿಂಭಾಗ ಮೇಲೆದ್ದು ಭಾರವೆಲ್ಲ ಕುತ್ತಿಗೆಗೆ ಬೀಳುತ್ತದೆ. ಕಾಲ್ನಡಿಗೆಯ ಓಟಕ್ಕೆ ಪಕ್ಕೆಲುಬಿನ ಬಳಿಯೇ ಮುಗಿಯುವ ಗಿಡ್ಡ ಹಾರ್ನೆಸ್ ವಾಸಿ. ಕುತ್ತಿಗೆಯ ಸುತ್ತು ಚಿಕ್ಕದಾದರೆ ಗಂಟಲು ಒತ್ತಿ ನಾಯಿ ಎಳೆದಾಗೆಲ್ಲ ಕೆಮ್ಮುತ್ತದೆ. ದೊಡ್ಡದಾದರೆ ಜಾರಿ ಭುಜದ ಮೂಳೆಗೆ ತಗುಲಿ ಮುಂಗಾಲು ಪೂರ್ತಿ ಚಾಚುವುದಿಲ್ಲ. ಓಟದ ನಂತರ ಮುಂಗಾಲಿನ ಕಂಕುಳಲ್ಲಿ ಕೂದಲು ತುಂಡಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಚರ್ಮ ಕೆಂಪಾಗುವ ಮೊದಲೇ ಅಲ್ಲಿ ಸುಳಿವು ಸಿಗುತ್ತದೆ.

ಬಿಸಿಲಿಲ್ಲದ ದಿನವೂ ಬಿಸಿ ಹೊಡೆಯುತ್ತದೆ. ಸೆಪ್ಟೆಂಬರಿನಲ್ಲಿ ಓಟ ಶುರುವಾಗುವಾಗ ನಾಯಿಗೆ ಅಭ್ಯಾಸ ತಪ್ಪಿರುತ್ತದೆ, ಮುಖ ಅದ್ದಲು ಹಿಮವೂ ಇರುವುದಿಲ್ಲ. 15 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ಹಾರ್ನೆಸ್ ಮುಟ್ಟುವುದಿಲ್ಲ. 10ರಿಂದ 15ರ ನಡುವೆ, ಬೆಳಕು ಹರಿಯುವ ಹೊತ್ತಿಗೆ, ಹೆಚ್ಚೆಂದರೆ ಎರಡು ಕಿಲೋಮೀಟರ್. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದೂ ಬೇಡ. ನಾಲಿಗೆಯ ತುದಿ ಸೌಟಿನ ಹಾಗೆ ಅಗಲವಾಗುವುದು, ಒಸಡು ಗಾಢ ಕೆಂಪಾಗುವುದು, ಹಿಂಗಾಲು ತೂರಾಡುವುದು, ನೆರಳಿಗೆ ಹೋಗಿ ಬೀಳುವುದು, ಇವು ನಿಲ್ಲಿಸುವ ಸೂಚನೆ. ಹಾರ್ನೆಸ್ ಬಿಚ್ಚಿ, ಮೈಗೆಲ್ಲ ತಣ್ಣೀರು ಹೊಯ್ದು, ಗಾಳಿ ಬೀಸುತ್ತಲೇ ಡಾಕ್ಟರಲ್ಲಿಗೆ ಹೊರಡಿ. ಬೆಂಗಳೂರಲ್ಲಿ ಹಸ್ಕಿ ಸಾಕಿದವರಿಗೆ ಡಿಸೆಂಬರಿನ ಮುಂಜಾವವೂ 15-16 ಡಿಗ್ರಿ. ಅಲ್ಲಿ ಎಳೆಸುವ ಆಸೆ ಬಿಟ್ಟು ನಡೆಸಿದರೆ ಸಾಕು.

ಹೊಟ್ಟೆ: ಊಟಕ್ಕೂ ಓಟಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆ ಇರಲಿ, ತುಂಬಿದ ಹೊಟ್ಟೆ ಉಬ್ಬರಿಸಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಚಳಿಯಲ್ಲಿ ನಾಯಿ ಬರೀ ನೀರು ಮೂಸಿ ಬಿಡುತ್ತದೆ. ಎರಡು ಗಂಟೆ ಮುಂಚೆ ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಮಾಂಸದ ಸಾರು ಬೆರೆಸಿ ಕೊಟ್ಟರೆ ಗಟಗಟ ಕುಡಿಯುತ್ತದೆ. ಮೊದಲ ಐನೂರು ಮೀಟರಿನಲ್ಲಿ ಕಕ್ಕಸಿಗೆ ನಿಂತರೆ ನಿಲ್ಲಲು ಬಿಡಿ, ಎಳೆದುಕೊಂಡು ಹೋದರೆ ಮುಂದಿನ ಸಲ ಹಾರ್ನೆಸ್ ಕಂಡೊಡನೆ ಬೆನ್ನು ತಿರುಗಿಸುತ್ತದೆ. ಓಟದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಸ್ನಾಯುವಿನ ಕೋಶಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದು ತಿಳಿಯಿರಿ. ಅಭ್ಯಾಸವಿಲ್ಲದ ನಾಯಿಯನ್ನು ಒಮ್ಮೆಲೇ ದೂರ ಓಡಿಸಿದಾಗ ಹೀಗಾಗುತ್ತದೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕುಂಟು ಗುರುತಿಸಲು ತಲೆ ನೋಡಿ. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇರುತ್ತದೆ, ಒಳ್ಳೆಯ ಕಾಲಿಗೆ ಕೆಳಗಿಳಿಯುತ್ತದೆ. ಮಣಿಕಟ್ಟು, ಭುಜ ಎರಡನ್ನೂ ಮೆಲ್ಲಗೆ ಮಡಿಸಿ ಎರಡು ಬದಿಯನ್ನೂ ಹೋಲಿಸಿ. ಹದಿನೆಂಟು ತಿಂಗಳು ತುಂಬದ ಮರಿಗೆ ಭಾರ ಎಳೆಸುವುದೇ ಬೇಡ, ಮೂಳೆ ಬೆಳೆಯುವ ತುದಿ ಇನ್ನೂ ಪೂರ್ತಿ ಕೂಡಿರದೆ ಇರಬಹುದು.

ಇಷ್ಟೆಲ್ಲ ನೋಡಿದ ಮೇಲೂ ದೇಹದಲ್ಲಿ ಏನೂ ಸಿಗದಿದ್ದರೆ ನಾಯಿಗೆ ಓಟವೇ ಬೇಸರವಾಗಿ ಮನಸ್ಸು ಹುಳಿಯಾಗಿದೆ. ಹೋದ ದಾರಿಯಲ್ಲೇ ತಿರುಗಿ ಬರುವುದು, ದಣಿಯುವವರೆಗೆ ಓಡಿಸುವುದು, ನಿಂತಾಗ ಗದರುವುದು, ಮೂರೂ ಇದಕ್ಕೆ ಕಾರಣ. ಮೂರು ದಿನ ಬಿಡುವು ಕೊಟ್ಟು, ವಾರಕ್ಕೆ ಎರಡೇ ಸಲ, ಸುತ್ತು ಬರುವ ಬೇರೆ ದಾರಿಯಲ್ಲಿ ಅರ್ಧ ಕಿಲೋಮೀಟರ್ ಓಡಿಸಿ. ನಾಯಿ ಇನ್ನೂ ಎಳೆಯುತ್ತಿರುವಾಗಲೇ ಹಗ್ಗ ಬಿಚ್ಚಿ. ನಡುದಾರಿಯಲ್ಲಿ ನಿಂತರೆ ಮಾತಾಡದೆ ನೀವೂ ನಿಲ್ಲಿ. ಐವತ್ತು ಹೆಜ್ಜೆ ಮುಂದೆ ಹೋದರೂ ಅಲ್ಲಿಗೇ ಮುಗಿಸಿ. ಮುಂದೆ ಒಬ್ಬರು ಸೈಕಲ್ಲಿನಲ್ಲಿ ಹೋದರೆ ಇನ್ನೂ ಅನುಕೂಲ, ಬೆನ್ನಟ್ಟುವ ಹುರುಪು ಬರುತ್ತದೆ. ಎರಡು ನಾಯಿಗಳಿದ್ದರೆ ಕುತ್ತಿಗೆ ಪಟ್ಟಿಗಳನ್ನು ಕೂಡಿಸುವ ಹಗ್ಗ ಹಾಕದೆ ಓಡಿಸಿ, ವೇಗದ ನಾಯಿ ನಿಧಾನದ್ದನ್ನು ಎಳೆದಾಡಿ ಬೇಸರ ಹೆಚ್ಚಿಸುತ್ತದೆ. ಅಳಿಲು, ಜಿಂಕೆ ಕಂಡರೆ ಪಕ್ಕ ಹಾರುವ ನಾಯಿಗೆ ‘ಆನ್ ಬೈ’ (ನೋಡದೆ ದಾಟಿ ಮುಂದೆ ಹೋಗು) ಎಂಬ ಆಜ್ಞೆ ಕಲಿಸುವುದು ಬೇರೆಯದೇ ಪಾಠ, ಈ ದಿನಗಳಲ್ಲಿ ಅದನ್ನು ಬೆರೆಸಬೇಡಿ.

ದಾರಿಗೆ ಬಂದ ಮೇಲೆ ವಾರಕ್ಕೆ ಹತ್ತನೇ ಒಂದು ಪಾಲಿನಷ್ಟು ದೂರ ಏರಿಸಿ, ನಾಲ್ಕನೇ ವಾರ ಇಳಿಸಿ. ಮತ್ತೆ ನಿಂತರೆ ಹಿಂದಿನ ವಾರದ ದೂರಕ್ಕೆ ವಾಪಸ್.