ಹಬ್ಬಕ್ಕೆ ಹೊತ್ತು ನೋಡುವುದು ಹೇಗೆ

ಮದುವೆಯಾಗಿ ಬಂದ ಮೊದಲ ವರ್ಷ ನಾನು ಒಂದು ಸಂಕಷ್ಟಿ, ಅಂದರೆ ಹುಣ್ಣಿಮೆ ಕಳೆದ ಮೇಲಿನ ಚೌತಿಗೆ ಗಣಪತಿಗೆಂದು ಮಾಡುವ ಉಪವಾಸ, ತಪ್ಪಿಸಿದೆ. ಅತ್ತೆ ತಮ್ಮ ಮಗಳ ಊರಿಗೆ ಹೋಗಿದ್ದರು. ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನಲ್ಲಿ ವ್ರತಗಳ ಹೆಸರು ಇರಲಿಲ್ಲ, ಬರೀ ತಿಥಿ ಹಾಕಿದ್ದರು. ಆ ದಿನದ ಚೌಕದಲ್ಲಿ 'ತೃತೀಯಾ' ಅಂತ ಇತ್ತು. ಚೌತಿ ನಾಳೆ ತಾನೇ ಅಂದುಕೊಂಡು ಮಧ್ಯಾಹ್ನ ಅನ್ನ ಉಂಡೆ. ಸಂಜೆ ಬಸ್ಸಿಳಿದು ಬಂದ ಅತ್ತೆ, "ಗರಿಕೆ ತಂದಿಟ್ಟಿದೀಯಾ ಅಮ್ಮಾ?" ಅಂದಾಗ ನನ್ನ ಎದೆ ಧಸಕ್ಕೆಂದಿತು.

ಅವರು ಬೈಯಲಿಲ್ಲ. ಕ್ಯಾಲೆಂಡರ್ ಇಳಿಸಿ, ಚೌಕದ ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ತದಿಗೆ, ಅಂದರೆ ಆ ತೃತೀಯಾ, ಆವತ್ತು ಮಧ್ಯಾಹ್ನಕ್ಕೆ ಮುಂಚೆಯೇ ಮುಗಿದಿತ್ತು. "ಚಂದ್ರ ಹುಟ್ಟೋ ಹೊತ್ತಿಗೆ ಯಾವ ತಿಥಿ ಇದೆ ಅಂತ ನೋಡಬೇಕು. ಸಂಕಷ್ಟಿಗೆ ಬೇಕಾದ್ದು ಅದು" ಎಂದರು. ಇಷ್ಟು ವರ್ಷ ಮನೆ ನಡೆಸಿದ್ದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದೇ. ಅದಕ್ಕೇ ಇವತ್ತು ನಿಮಗೂ ಹೇಳುತ್ತಿದ್ದೇನೆ.

ತಿಥಿ ನಮ್ಮ ಗಡಿಯಾರದ ದಿನದಂತೆ ನಡುರಾತ್ರಿಗೆ ಬದಲಾಗುವುದಿಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ನಡಿಗೆ ಒಮ್ಮೆ ಚುರುಕು, ಒಮ್ಮೆ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಬೆಳಗ್ಗೆ ಹತ್ತಕ್ಕೂ ಹುಟ್ಟುತ್ತದೆ, ರಾತ್ರಿ ಮೂರಕ್ಕೂ ಹುಟ್ಟುತ್ತದೆ. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಆ ದಿನಕ್ಕೆ ಅದರ ಹೆಸರು. ಕ್ಯಾಲೆಂಡರಿನಲ್ಲಿ ದಪ್ಪಗೆ ಕಾಣುವುದು ಅದೇ. ಆದರೆ ಪ್ರತಿ ಹಬ್ಬಕ್ಕೂ ಅದರದೇ ಹೊತ್ತು ಇದೆ. ರಾಮನವಮಿಗೂ ಗಣೇಶನ ಚೌತಿಗೂ ನಡುಮಧ್ಯಾಹ್ನದಲ್ಲಿ ತಿಥಿ ಇರಬೇಕು. ಪ್ರದೋಷಕ್ಕೆ ಸೂರ್ಯ ಮುಳುಗುವಾಗ ತ್ರಯೋದಶಿ ಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಜೆ ಅಮಾವಾಸ್ಯೆ, ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಬೆಳಗಿನ ಜಾವದ ಚತುರ್ದಶಿ. ಶಿವರಾತ್ರಿಗೆ ನಡುರಾತ್ರಿ ನೋಡುತ್ತಾರೆ. ಹಿರಿಯರ ತಿಥಿಗೆ ಮಧ್ಯಾಹ್ನದ ಮೇಲಿನ ಅಪರಾಹ್ಣ.

ಇಷ್ಟು ತಿಳಿದುಕೊಂಡರೆ ವರ್ಷಾವರ್ಷ ಬರುವ ಗಲಿಬಿಲಿಗೆ ಕಾರಣ ನಿಮಗೇ ಗೊತ್ತಾಗುತ್ತದೆ. 2024ರ ದೀಪಾವಳಿ ನೆನಪಿದೆಯಲ್ವಾ? ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನದ ಮೇಲೆ ಶುರುವಾಗಿ ನವೆಂಬರ್ 1ರ ಸಂಜೆ ಮುಗಿಯಿತು. ಕೆಲವರ ಮನೆಯಲ್ಲಿ 31ಕ್ಕೆ ಲಕ್ಷ್ಮೀಪೂಜೆ, ಕೆಲವರಲ್ಲಿ 1ಕ್ಕೆ. 2023ರಲ್ಲಿ ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ ಹುಟ್ಟಿ 19ರ ಮಧ್ಯಾಹ್ನದವರೆಗೆ ಇತ್ತು. ಆಗಲೂ ಹೀಗೇ ಆಯಿತು. ಅಂಥ ವರ್ಷ ಫೋನಿನಲ್ಲಿ ಬರುವ ಸಂದೇಶಗಳನ್ನೆಲ್ಲ ನಂಬಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮನೆತನ ಯಾವ ಮಠದ, ಯಾವ ಪಂಚಾಂಗದ ಪ್ರಕಾರ ನಡೆದುಕೊಂಡು ಬಂದಿದೆಯೋ ಅದನ್ನೇ ಹಿಡಿಯಿರಿ. ನಡುನಡುವೆ ಪಂಚಾಂಗ ಬದಲಾಯಿಸಿದರೆ ಒಂದು ಏಕಾದಶಿ ಎರಡು ಸಲ ಬಂದ ಹಾಗೂ ಆಗುತ್ತದೆ, ಒಂದೂ ಇಲ್ಲದ ಹಾಗೂ ಆಗುತ್ತದೆ.

ಹಳೇ ರೀತಿಯ ಪಂಚಾಂಗದಲ್ಲಿ ತಿಥಿ ಮುಗಿಯುವುದನ್ನು ಘಳಿಗೆಯಲ್ಲಿ ಹಾಕಿರುತ್ತಾರೆ. ಹೆದರಬೇಡಿ. ಒಂದು ಘಳಿಗೆ ಅಂದರೆ 24 ನಿಮಿಷ, ಎಣಿಕೆ ಸೂರ್ಯ ಹುಟ್ಟಿದಾಗಿನಿಂದ. 20 ಘಳಿಗೆ ಎಂದಿದ್ದರೆ 8 ಗಂಟೆ. ಬೆಳಗ್ಗೆ 6ಕ್ಕೆ ಸೂರ್ಯ ಹುಟ್ಟಿದ್ದರೆ ಮಧ್ಯಾಹ್ನ 2ಕ್ಕೆ ಆ ತಿಥಿ ಮುಗಿಯಿತು. ಈಗಿನ ಕೆಲವು ಕ್ಯಾಲೆಂಡರುಗಳಲ್ಲಿ 26-30 ಅಂತ ಅಚ್ಚಾಗಿರುತ್ತದೆ. ಅದು ತಪ್ಪು ಮುದ್ರಣ ಅಲ್ಲ. 24 ಕಳೆಯಿರಿ, ಆವತ್ತಿನ ನಡುರಾತ್ರಿ ಕಳೆದು ಎರಡೂವರೆ ಗಂಟೆ ಎಂದರ್ಥ.

ತಿಂಗಳ ಹೆಸರಿನಲ್ಲೂ ಒಂದು ತೊಡಕಿದೆ. ಉತ್ತರ ಭಾರತದ ಸೊಸೆಯೋ ಅಳಿಯನೋ ಮನೆಗೆ ಬಂದಿದ್ದರೆ ಇದು ಗೊತ್ತಿರಲಿ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಇಬ್ಬರಿಗೂ ಒಂದೇ ಹೆಸರು. ಕೃಷ್ಣಪಕ್ಷಕ್ಕೆ ಅವರು ಒಂದು ತಿಂಗಳು ಮುಂದಿನ ಹೆಸರು ಹೇಳುತ್ತಾರೆ. ಕೃಷ್ಣಾಷ್ಟಮಿ ನಮಗೆ ಶ್ರಾವಣದಲ್ಲಿ, ಅವರಿಗೆ ಭಾದ್ರಪದದಲ್ಲಿ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ದಿನ ಮಾತ್ರ ಒಂದೇ. ಅವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ಆಗ ಅವರು ಸೋಮವಾರ ಉಪವಾಸ ಹಿಡಿದರೆ "ಇನ್ನೂ ಆಷಾಢ ಅಲ್ವಾ" ಎಂದು ತಿದ್ದಲು ಹೋಗಬೇಡಿ.

ನಮ್ಮ ಹಿರಿಯರು ಶ್ಲೋಕವೂ ಲೆಕ್ಕವೂ ಬೇಡ ಅಂತ ಹುಣ್ಣಿಮೆಗಳಿಗೆ ಹೆಸರಿಟ್ಟೇ ವರ್ಷ ಎಣಿಸುತ್ತಿದ್ದರು. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಕಾರ ಹುಣ್ಣಿಮೆ, ಶ್ರಾವಣದ್ದು ನೂಲ ಹುಣ್ಣಿಮೆ. ಆಶ್ವೀಜಕ್ಕೆ ಶೀಗಿ, ಕಾರ್ತೀಕಕ್ಕೆ ಗೌರಿ, ಮಾರ್ಗಶಿರಕ್ಕೆ ಹೊಸ್ತಿಲ, ಪುಷ್ಯಕ್ಕೆ ಬನದ, ಮಾಘಕ್ಕೆ ಭಾರತ ಹುಣ್ಣಿಮೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಈಗಲೂ ಈ ಹೆಸರು ನಾಲಿಗೆ ಮೇಲಿದೆ. ಮೊಮ್ಮಕ್ಕಳಿಗೆ ಇದನ್ನು ಕಲಿಸಿ. ತಿಂಗಳ ಹೆಸರಿಗಿಂತ ಬೇಗ ಹಿಡಿಯುತ್ತಾರೆ.

ಇನ್ನು ಅಧಿಕ ಮಾಸ. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಅದಕ್ಕೇ ಹಬ್ಬಗಳು ವರ್ಷವರ್ಷವೂ ಹಿಂದೆ ಸರಿಯುತ್ತವೆ. ಸಂಕ್ರಾಂತಿ ಸೂರ್ಯನ ಹಬ್ಬ, ಅದಕ್ಕೆ ಈ ಓಡಾಟ ಇಲ್ಲ. ಸರಿದದ್ದನ್ನು ಸರಿಪಡಿಸಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚು ಬರುತ್ತದೆ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು. 2026ರಲ್ಲಿ ಜ್ಯೇಷ್ಠ ಅಧಿಕ, ಮೇ 17ರಿಂದ ಜೂನ್ 15ರವರೆಗೆ. ಗಣೇಶನ ಚೌತಿಯನ್ನೇ ನೋಡಿ. 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, ಅಧಿಕ ಮಾಸದ 2026ರಲ್ಲಿ ಸೆಪ್ಟೆಂಬರ್ 14. ಮದುವೆ, ಗೃಹಪ್ರವೇಶ ಯೋಚಿಸುವವರು ಇದನ್ನು ಮೊದಲೇ ನೋಡಿಟ್ಟುಕೊಳ್ಳಿ. ಅಧಿಕದಲ್ಲಿ ಆ ತಿಂಗಳ ಹಬ್ಬ ಮಾಡುವುದಿಲ್ಲ, ನಿಜ ಮಾಸದಲ್ಲಿ ಮಾಡುತ್ತೇವೆ. ಏಕಾದಶಿ, ಸಂಕಷ್ಟಿ ಮಾತ್ರ ಬಿಡುವ ಹಾಗಿಲ್ಲ. ವರ್ಷಕ್ಕೆ 24 ಇರುವ ಏಕಾದಶಿ ಆಗ 26 ಆಗುತ್ತದೆ. 33 ಅಪೂಪ, ಅಂದರೆ ಕಜ್ಜಾಯ, ದಾನ ಕೊಡುವ ಪದ್ಧತಿ ಇರುವವರು ಪಾಕ ಮಾಡಿ ಹಿಟ್ಟನ್ನು ಎರಡು ದಿನ ಮೊದಲೇ ಕಲಸಿಡಿ. ಹಿಟ್ಟು ಕಳಿತಷ್ಟೂ ಕಜ್ಜಾಯ ಮೆತ್ತಗೆ ಬರುತ್ತದೆ.

ಏಕಾದಶಿ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಕ್ಕದ ಮನೆಯವರು ಇವತ್ತು, ನಾವು ನಾಳೆ ಮಾಡುವುದು ಇದೊಂದರಲ್ಲೇ ಜಾಸ್ತಿ. ಸೂರ್ಯ ಹುಟ್ಟುವ 4 ಘಳಿಗೆ ಮುಂಚೆ, ಅಂದರೆ 96 ನಿಮಿಷ ಮುಂಚೆ, ಅರುಣೋದಯ. ಆ ಹೊತ್ತಿನಲ್ಲಿ ದಶಮಿ ಸ್ವಲ್ಪ ಉಳಿದಿದ್ದರೂ ಮಾಧ್ವರು, ಶ್ರೀವೈಷ್ಣವರು ಮರುದಿನ ಉಪವಾಸ ಮಾಡುತ್ತಾರೆ. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯಾ ಅಂತ ನೋಡುತ್ತಾರೆ. ಎರಡೂ ಸರಿ. ಇದರ ಮೇಲೆ ವಾದ ಬೇಡ.

ಏಕಾದಶಿಗಿಂತ ಕಷ್ಟ ದ್ವಾದಶಿಯ ಬೆಳಗು. ದ್ವಾದಶಿ ಮುಗಿಯುವ ಮುಂಚೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ, ಆಗಬೇಕು. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅದು ಕಳೆದಿರಲೂ ಬೇಕು. ಕೆಲವು ಸಲ ದ್ವಾದಶಿ ಏಳೂವರೆಗೇ ಮುಗಿಯುತ್ತದೆ. ಅಂಥ ದಿನ ಬೆಳಗ್ಗೆ ಎದ್ದು ಕ್ಯಾಲೆಂಡರ್ ನೋಡಿದರೆ ಕೆಲಸ ಕೆಟ್ಟಿತು. ಏಕಾದಶಿ ಸಂಜೆಯೇ ಹೊತ್ತು ನೋಡಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಒಲೆಯ ಹತ್ತಿರ ಅಂಟಿಸಿ. ಅಕ್ಕಿ, ಹೆಸರುಬೇಳೆ ಆರಿಸಿಡಿ. ಅಗಸೆ ಸೊಪ್ಪು, ನೆಲ್ಲಿಕಾಯಿ ಹಿಂದಿನ ದಿನವೇ ತಂದಿರಲಿ. ಅಗಸೆ ಸೊಪ್ಪನ್ನು ಎಳೆಯದಾಗಿ ಬಿಡಿಸಿ ಸ್ವಲ್ಪ ಬೆಲ್ಲ, ತೆಂಗಿನಕಾಯಿ ಹಾಕಿದರೆ ಕಹಿ ಅಷ್ಟಾಗಿ ತಿಳಿಯುವುದಿಲ್ಲ. ಖಾಲಿ ಹೊಟ್ಟೆಗೆ ಹುಳಿ, ಖಾರ, ಕರಿದದ್ದು ಬೇಡವೇ ಬೇಡ. ಮೆತ್ತಗಿನ ಅನ್ನ, ತುಪ್ಪ, ಹೆಸರುಬೇಳೆ ತೊವ್ವೆ, ಮಜ್ಜಿಗೆ. ಇಷ್ಟು ಸಾಕು. ಪಾಯಸ ಮಾಡುವ ಆಸೆಯಿದ್ದರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಉಪವಾಸದ ದಿನ ತಲೆನೋವು ಬರುತ್ತದೆ ಅನ್ನುವವರಿಗೆ ಒಂದು ಮಾತು. ಬಹಳ ಸಲ ಅದು ಹಸಿವಿನದ್ದಲ್ಲ, ಕಾಫಿ ತಪ್ಪಿದ್ದರದ್ದು. ಎರಡು ದಿನ ಮುಂಚಿನಿಂದ ಲೋಟ ಸಣ್ಣದು ಮಾಡಿಕೊಂಡು ಬನ್ನಿ. ದಶಮಿ ರಾತ್ರಿ ಹೊಟ್ಟೆ ಬಿರಿಯ ಉಂಡರೆ ಮರುದಿನ ಹಸಿವು ಜಾಸ್ತಿಯೇ ಆಗುತ್ತದೆ, ಆವತ್ತು ಒಪ್ಪತ್ತು ಎಂದಿರುವುದು ಸುಮ್ನೆ ಅಲ್ಲ. ನಿಟ್ಟುಪವಾಸ ಆಗದಿದ್ದರೆ ಹಾಲು, ಹಣ್ಣು, ಎಳನೀರು ತೆಗೆದುಕೊಳ್ಳಿ. ಫಲಾಹಾರದ ಹೆಸರಿನಲ್ಲಿ ಸಬ್ಬಕ್ಕಿ ವಡೆ, ಆಲೂಗಡ್ಡೆ ಕರಿದು ತಟ್ಟೆ ತುಂಬಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಒಪ್ಪತ್ತು ಊಟವೇ ವಾಸಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬೇಡಿ. ಉಪವಾಸದ ನಡುವೆ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ. ವ್ರತ ಕೆಟ್ಟಿತು ಅಂತ ಅಳುತ್ತಾ ಕೂತ ಹೆಂಗಸರನ್ನು ನೋಡಿ ನನಗೆ ಸಂಕಟವಾಗಿದೆ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಿ ಇವುಗಳಿಂದ ವ್ರತ ಕೆಡುವುದಿಲ್ಲ ಎಂದು ಶಾಸ್ತ್ರದಲ್ಲೇ ಇದೆ. ಏಕಾದಶಿಯ ಕಟ್ಟುಪಾಡು ಕೂಡ ಎಂಟು ವರ್ಷದಿಂದ ಎಂಬತ್ತು ವರ್ಷದವರೆಗಿನವರಿಗೆ. ನಮ್ಮ ಹಿರಿಯರಿಗೆ ಅಷ್ಟು ಕರುಣೆ ಇತ್ತು. ನಾವು ಅದಕ್ಕಿಂತ ಬಿಗಿ ಮಾಡುವುದು ಯಾಕೆ?

ದೊಡ್ಡ ಹಬ್ಬಗಳ ಕೆಲಸವನ್ನೂ ಹೊತ್ತಿನಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ವರಮಹಾಲಕ್ಷ್ಮಿ ಬರುವುದು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಗುರುವಾರ ಸಂಜೆ ಮಾರ್ಕೆಟ್ಟಿಗೆ ಹೋದರೆ ಬಾಡಿದ ಹೂವೇ ಗತಿ. ಬುಧವಾರವೇ ಸೇವಂತಿಗೆ, ಕನಕಾಂಬರ ತನ್ನಿ. ತೊಳೆಯದೆ, ಒದ್ದೆ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ವೀಳ್ಯದೆಲೆಗೂ ಹೀಗೇ. ಮಲ್ಲಿಗೆ ಮಾತ್ರ ಹಿಂದಿನ ದಿನ ಮೊಗ್ಗಾಗಿ ತಂದು ಕಟ್ಟಿಕೊಳ್ಳಿ.

ಗೌರಿ ತದಿಗೆ, ಗಣೇಶ ಚೌತಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಕೆಲವು ವರ್ಷ ಒಂದೇ ದಿನ. ಬಾಗಿನದ ಮೊರ ಜೋಡಿಸುವುದು, ಚಕ್ಕುಲಿ, ಕೋಡುಬಳೆ ಇವೆಲ್ಲ ವಾರದ ಮುಂಚೆಯೇ ಮುಗಿಯಲಿ. ಕಡುಬಿನ ಕಾಯಿ ಹೂರಣ ಹಿಂದಿನ ರಾತ್ರಿ ಮಾಡಿಡಬಹುದು, ಮಡಿಯಲ್ಲಿ ಮಾಡುವವರಾದರೆ ಕಾಯಿ ಒಡೆದಿಟ್ಟುಕೊಳ್ಳದೆ ಬೆಳಗ್ಗೆಯೇ ಮಾಡಿ. ಪೂಜೆ ಮಧ್ಯಾಹ್ನದ ಹೊತ್ತಿನದು, ಹಾಗಾಗಿ ಬೆಳಗ್ಗೆ ಐದಕ್ಕೇ ಎದ್ದು ಒದ್ದಾಡುವ ಅಗತ್ಯವಿಲ್ಲ.

ಯುಗಾದಿ ಒಬ್ಬಟ್ಟಿಗೆ ಹೂರಣ ನೀರಾಗುವುದೇ ಎಲ್ಲರ ದೂರು. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಕರಗಿರಬಾರದು. ಕುಕ್ಕರ್ ಬೇಡ, ಬಾಯಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕಟ್ಟನ್ನು ಪೂರ್ತಿ ಬಸಿದು ಸಾರಿಗೆ ಇಟ್ಟುಕೊಳ್ಳಿ. ಬೆಲ್ಲ ಹಾಕಿ ಮಗುಚಿ, ಸೌಟು ನಿಲ್ಲುವಷ್ಟು ಗಟ್ಟಿಯಾದ ಮೇಲೆ ರುಬ್ಬಿ. ಆದರೂ ಸಡಿಲ ಅನ್ನಿಸಿದರೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಿ. ಕಣಕ ಮೂರು ಗಂಟೆಯಾದರೂ ಎಣ್ಣೆಯಲ್ಲಿ ನೆನೆಯಲಿ.

ಹೊರದೇಶದಲ್ಲಿರುವ ಮಕ್ಕಳಿಗೆ ಇಲ್ಲಿಯ ಕ್ಯಾಲೆಂಡರಿನ ಫೋಟೋ ಕಳಿಸಿ ಸುಮ್ಮನಾಗಬೇಡಿ. ತಿಥಿ ಬದಲಾಗುವ ಕ್ಷಣ ಪ್ರಪಂಚಕ್ಕೆಲ್ಲ ಒಂದೇ, ಗಡಿಯಾರ ಬೇರೆ. ನಮಗೆ ಬೆಳಗ್ಗೆ 6ಕ್ಕೆ ಮುಗಿಯುವ ತಿಥಿ ಬೇಸಿಗೆಯಲ್ಲಿ ನ್ಯೂಯಾರ್ಕಿನವರಿಗೆ ಹಿಂದಿನ ರಾತ್ರಿ ಎಂಟೂವರೆಗೇ ಮುಗಿದಿರುತ್ತದೆ. ಹಾಗಾಗಿ ನಮ್ಮ ಏಕಾದಶಿ ಅವರಿಗೆ ಒಂದು ದಿನ ಮುಂಚೆಯೂ ಬರಬಹುದು. ಅವರ ಊರಿನ ಹೆಸರು ಹಾಕಿ ತೆಗೆದ ಪಂಚಾಂಗವನ್ನೇ ನೋಡಲು ಹೇಳಿ.

ಚಂದ್ರೋದಯವೂ ಊರಿಂದ ಊರಿಗೆ ಬೇರೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ. ಸಂಕಷ್ಟಿಯ ದಿನ ರಾತ್ರಿ ಎಂಟೂವರೆ, ಒಂಬತ್ತು, ಒಂಬತ್ತೂವರೆ ಆಗುವುದು ಅದಕ್ಕೇ. ಅಡುಗೆ ಎಂಟಕ್ಕೆ ಮುಗಿದಿರಲಿ. ಮಳೆಗಾಲದಲ್ಲಿ ಮೋಡ ಕವಿದಿರುತ್ತದೆ, ಊರೊಳಗೆ ಎದುರುಮನೆ ಮಹಡಿ ಅಡ್ಡ ಇರುತ್ತದೆ. ಚಂದ್ರ ಕಾಣಲಿ ಅಂತ ಹನ್ನೊಂದರವರೆಗೆ ಹಸಿದು ಕಾಯಬೇಡಿ. ಪಂಚಾಂಗದಲ್ಲಿ ಹಾಕಿದ ಹೊತ್ತು ದಾಟಿದ ಮೇಲೆ ಪೂರ್ವಕ್ಕೆ ನಿಂತು ಅರ್ಘ್ಯ ಬಿಡಿ, ಗಣಪತಿಗೆ ಕೈಮುಗಿದು ಊಟಕ್ಕೆ ಕೂತುಕೊಳ್ಳಿ. ನಮ್ಮತ್ತೆ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ.