ಎಸ್‌ಎಚ್-ಎಸ್‌ವೈ5ವೈ ಸೆಲ್ಸ್ ಬೆಳೆಸೋದು ಹೇಗೆ? ತೇಲೋವನ್ನ ಚೆಲ್ಲಬೇಡಿ

ಧಾರವಾಡ, ಬೆಳಗಾವಿ ಕಡೆ ಎಂಎಸ್ಸಿ ಮುಗಿಸಿ ಪುಣೆಗೆ ಬರೋ ನಮ್ಮ ಹುಡುಗ್ರಿಗೆ ಪಾರ್ಕಿನ್ಸನ್ಸ್ ಪ್ರಾಜೆಕ್ಟ್ ಸಿಕ್ತು ಅಂದ್ರೆ ಗೈಡ್ ಮೊದ್ಲು ಕೈಗೆ ಕೊಡೋದು ಹೆಚ್ಚಾಗಿ ಎಸ್‌ಎಚ್-ಎಸ್‌ವೈ5ವೈ ಅನ್ನೋ ಈ ಸೆಲ್ ಲೈನೇ (ಲ್ಯಾಬಲ್ಲಿ ಪೀಳಿಗೆ ಪೀಳಿಗೆ ಬೆಳೆಸ್ಕೊಂಡು ಬರೋ ಜೀವಕೋಶಗಳು). 1970ರಲ್ಲಿ ನ್ಯೂರೋಬ್ಲಾಸ್ಟೋಮಾ ಅನ್ನೋ ನರಕೋಶದ ಕ್ಯಾನ್ಸರ್ ಆಗಿದ್ದ 4 ವರ್ಷದ ಹುಡುಗಿಯ ಮೂಳೆ ಮಜ್ಜೆಯಿಂದ ಎಸ್‌ಕೆ-ಎನ್-ಎಸ್‌ಎಚ್ ಅನ್ನೋ ಲೈನ್ ಬಂತು, ಅದನ್ನ ನ್ಯೂಯಾರ್ಕಲ್ಲಿ ಜೂನ್ ಬೀಡ್ಲರ್ ಅವ್ರ ತಂಡ ಮೂರು ಸಲ ಕ್ಲೋನ್ ಮಾಡಿದಾಗ (ಒಂದೇ ಸೆಲ್ ಆರಿಸಿ ಅದ್ರಿಂದ ಬೆಳೆಸಿದಾಗ) ಸಿಕ್ಕಿದ್ದು ಇದು.

ಸೆಲ್ಸ್‌ನ ಪುಣೆಯ ಗಣೇಶಖಿಂಡದ ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿರೋ ಎನ್‌ಸಿಸಿಎಸ್ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಥರದ ರೆಪಾಸಿಟರಿಯಿಂದಾನೇ, ಅಂದ್ರೆ ಸೆಲ್ ಭಂಡಾರದಿಂದಾನೇ ತರ್ಸಿ. ಪಕ್ಕದ ಲ್ಯಾಬಿಂದ ಒಂದು ಫ್ಲಾಸ್ಕ್ ಇಸ್ಕೊಂಡ್ರೆ ಪುಕ್ಕಟೆ, ಆದ್ರೆ ಅದ್ರ ಪ್ಯಾಸೇಜ್ ನಂಬರ್ (ಎಷ್ಟು ಸಲ ಹೊಸ ಫ್ಲಾಸ್ಕಿಗೆ ಹಂಚಿ ಬೆಳೆಸಿದ್ದು ಅನ್ನೋ ಲೆಕ್ಕ) ಎಷ್ಟೋ ಸಲ ಕೊಟ್ಟವ್ರಿಗೇ ನೆನಪಿರಲ್ಲ, ಮೈಕೋಪ್ಲಾಸ್ಮಾ ಅನ್ನೋ ತೀರಾ ಸಣ್ಣ ಬ್ಯಾಕ್ಟೀರಿಯಾ ಬೇರೆ ಇದ್ರೆ ಮಾಮೂಲಿ ಮೈಕ್ರೋಸ್ಕೋಪಲ್ಲಿ ಕಾಣೋದೂ ಇಲ್ಲ.

ಸೆಲ್ಸ್ ಹೆಪ್ಪುಗಟ್ಟಿಸಿಟ್ಟ ವಯಲ್‌ನ (ಪುಟ್ಟ ಶೀಶೆನ) 37 ಡಿಗ್ರಿ ವಾಟರ್ ಬಾತಲ್ಲಿ ಬೇಗ ಕರಗ್ಸಿ, ಸೆಂಟ್ರಿಫ್ಯೂಜಲ್ಲಿ ನಿಧಾನಕ್ಕೆ ಸ್ಪಿನ್ ಮಾಡಿ, ಹೆಪ್ಪುಗಟ್ಟಿಸುವಾಗ ಹಾಕಿದ್ದ ಡಿಎಂಎಸ್‌ಒ ದ್ರಾವಣ ತೆಗೀರಿ. ಮೀಡಿಯಂ (ಸೆಲ್ಸ್ ಬೆಳೆಯೋ ಪೋಷಕ ದ್ರವ) ಡಿಎಂಇಎಂ-ಎಫ್12, 10% ಸೀರಮ್, 5% ಕಾರ್ಬನ್ ಡೈಆಕ್ಸೈಡ್. ಇನ್‌ಕ್ಯುಬೇಟರ್ ಯುಪಿಎಸ್‌ಗೆ ಸೇರ್ಸಿದೆಯಾ ನೋಡ್ಕೊಳ್ಳಿ, ಗುರುವಾರ ಮೇಂಟೆನೆನ್ಸ್ ಅಂತ ಕರೆಂಟ್ ತೆಗೆಯೋ ಊರಿದು.

ಹೊಸಬ್ರು ಎಡವೋದು ಮೀಡಿಯಂ ಬದಲಾಯ್ಸುವಾಗ. ತಳಕ್ಕೆ ಅಂಟಿ ಬೆಳೆಯೋ ಬೇರೆ ಲೈನಲ್ಲಿ ತೇಲೋ ಸೆಲ್ಸ್ ಅಂದ್ರೆ ಸಾಮಾನ್ಯವಾಗಿ ಸತ್ತವು, ಇಲ್ಲಿ ಹಾಗಲ್ಲ, ಒಂದಷ್ಟು ಜೀವಂತವಾಗೇ ಗುಂಪು ಗುಂಪಾಗಿ ತೇಲ್ತಿರ್ತವೆ, ಹಳೇ ಮೀಡಿಯಂ ಜೊತೆ ಅವನ್ನೂ ಸಿಂಕಿಗೆ ಸುರಿದುಬಿಟ್ರೆ ನಿಮ್ಮ ಕಲ್ಚರಿನ ಸ್ವಭಾವಾನೇ ಬದ್ಲಾಗ್ತಾ ಹೋಗುತ್ತೆ. ಹೊಸ ಫ್ಲಾಸ್ಕಿಗೆ ಹಂಚುವಾಗ ತೇಲೋವನ್ನ ಸ್ಪಿನ್ ಮಾಡಿ ಇಟ್ಕೊಂಡು, ಟ್ರಿಪ್ಸಿನ್ (ಅಂಟು ಬಿಡಿಸೋ ಎಂಜೈಮ್) ಹಾಕಿ ತಳದಿಂದ ಎಬ್ಬಿಸಿದ ಸೆಲ್ಸ್ ಜೊತೆ ವಾಪಸ್ ಸೇರ್ಸಿ. ಫ್ಲಾಸ್ಕಲ್ಲಿ ಎರಡು ಜಾತಿ ಕಾಣುತ್ತೆ: ಸಣ್ಣ ಬಾಲ ಇರೋ ನರಕೋಶದಂಥವು ಎನ್-ಟೈಪ್, ಚಪ್ಪಟೆಯಾಗಿ ನೆಲ ಕಚ್ಚಿರೋವು ಎಸ್-ಟೈಪ್. ಚಪ್ಪಟೆ ಜಾತಿ ಜಾಸ್ತಿ ಆಗ್ತಿದೆ ಅನ್ನಿಸ್ತು ಅಂದ್ರೆ ಆ ಫ್ಲಾಸ್ಕ್ ಬಿಟ್ಟು ಹೊಸ ವಯಲ್ ತೆಗೀರಿ, 15-20 ಪ್ಯಾಸೇಜ್ ದಾಟಿಸ್ಬೇಡಿ.

ಇನ್ನು ಡಿಫರೆನ್ಷಿಯೇಷನ್, ಅಂದ್ರೆ ಈ ಸೆಲ್ಸ್‌ನ ನರಕೋಶದ ಥರ ಮಾಡೋದು. ಸೀರಮ್ ಕಮ್ಮಿ ಮಾಡಿ, 10 ಮೈಕ್ರೋಮೋಲಾರ್ ರೆಟಿನಾಯಿಕ್ ಆಸಿಡ್ ಹಾಕಿ ಐದಾರು ದಿನ ಬಿಟ್ರೆ ಬಾಲ ಉದ್ದ ಆಗುತ್ತೆ, ಬೆಳವಣಿಗೆ ನಿಧಾನ ಆಗುತ್ತೆ, ಆಮೇಲೆ ಬಿಡಿಎನ್‌ಎಫ್ ಅನ್ನೋ ನರಕೋಶ ಪೋಷಿಸೋ ಪ್ರೋಟೀನ್ ಕೊಟ್ರೆ ಇನ್ನೂ ಪಕ್ವ ಆಗ್ತವೆ. ರೆಟಿನಾಯಿಕ್ ಆಸಿಡ್ ಬೆಳಕಿಗೆ ಕೆಡುತ್ತೆ, ಟ್ಯೂಬಿಗೆ ಫಾಯಿಲ್ ಸುತ್ತಿಡಿ.

ಪಾರ್ಕಿನ್ಸನ್ಸ್ ಥರದ ಹಾನಿ ಮಾಡೋಕೆ ರೊಟೆನೋನ್, ಎಂಪಿಪಿ ಪ್ಲಸ್ ಥರದ ವಿಷ ಹಾಕೋ ಮುಂಚೆ ಡಿಫರೆನ್ಷಿಯೇಟ್ ಮಾಡ್ಬೇಕಾ ಬೇಡ್ವಾ ಅಂತ ಗೈಡ್ ಹತ್ರ ಕೂತು ತೀರ್ಮಾನ ಮಾಡ್ಕೊಳ್ಳಿ, ಡಿಫರೆನ್ಷಿಯೇಟ್ ಮಾಡಿದ ಸೆಲ್ಸ್, ಮಾಡದ ಸೆಲ್ಸ್ ಎರಡೂ ಒಂದೇ ಡೋಸ್‌ಗೆ ಬೇರೆ ಬೇರೆ ಥರ ಸಾಯ್ತವೆ. ಮತ್ತೆ ಥೀಸಿಸ್ಸಲ್ಲಿ ಇವನ್ನ ಸುಮ್ನೆ ನ್ಯೂರಾನ್ ಅಂತ ಬರೀಬೇಡಿ, ಲೈನ್ ಹೆಸ್ರು, ಪ್ಯಾಸೇಜ್ ನಂಬರ್ ಹಾಕಿ, ವೈವಾದಲ್ಲಿ ಅದನ್ನೇ ಕೇಳ್ತಾರೆ.