ಮುಖಪುಟವನ್ನು ಬೆನ್ನಿನಿಂದ ಶುರು ಮಾಡಿದೆ

ಹಾಸನದ ಒಂದು ಸಣ್ಣ ಪ್ರಕಾಶನಕ್ಕೆ ನಾನು ಮುಖಪುಟ ಮಾಡಿಕೊಡುತ್ತೇನೆ. ಕೆಲಸ ಒಪ್ಪಿಕೊಂಡ ಹೊಸದರಲ್ಲಿ ಅವರ ಹಳೇ ಪುಸ್ತಕಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಜೋಡಿಸಿ ನೋಡಿದೆ. ಬ್ಲಾಕ್ (ಚಿತ್ರದ ಲೋಹದ ಅಚ್ಚು) ಮಾಡಿಸಿ ಎರಡೇ ಬಣ್ಣದಲ್ಲಿ ಅಚ್ಚು ಹಾಕಿಸಿದ ಕಾಲದವು ದೂರದಿಂದಲೇ ಒಂದೇ ಮನೆಯವು ಅನ್ನಿಸಿದವು. ಆಗ ಇನ್ನೊಂದು ಬಣ್ಣ ಅಂದರೆ ಇನ್ನಷ್ಟು ಖರ್ಚು. ಆ ಇಕ್ಕಟ್ಟೇ ಒಂದು ಶಿಸ್ತು ತಂದಿತ್ತು. ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ, ಬಹುಬಣ್ಣ ಸುಲಭವಾದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಪ್ರತಿ ಪುಸ್ತಕಕ್ಕೂ ಬೇರೆ ಅಕ್ಷರ, ಲಾಂಛನ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬಿಡಿಬಿಡಿಯಾಗಿ ಚೆಂದವೇ. ಒಟ್ಟಿಗೆ ಇಟ್ಟರೆ ಯಾರ ಪ್ರಕಟಣೆ ಅಂತ ತಿಳಿಯುತ್ತಿರಲಿಲ್ಲ.

ಅಂಗಡಿಯಲ್ಲಿ, ಲೈಬ್ರರಿಯಲ್ಲಿ ಪುಸ್ತಕ ಜಾಸ್ತಿ ದಿನ ನಿಲ್ಲುವುದು ಬೆನ್ನು, ಅಂದರೆ ಹೆಸರು ಬರೆದ ಕಿರಿದಾದ ಬದಿ, ತೋರಿಸಿಕೊಂಡೇ ಅಲ್ವಾ? ಹಾಗಾಗಿ ಮೊದಲು ಬೆನ್ನನ್ನು ಗಟ್ಟಿ ಮಾಡಿದೆ. 200 ಪುಟ ಅಂದರೆ 100 ಹಾಳೆ. 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಬೆನ್ನು ಸಿಗುವುದು ಹೆಚ್ಚುಕಡಿಮೆ 9-10 ಮಿ.ಮೀ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಬೈಂಡಿಂಗ್‌ನಲ್ಲಿ ಸ್ವಲ್ಪ ಸರಿದರೂ ಒತ್ತು ಮುಖಪುಟದ ಕಡೆಗೆ ಹೊರಳಿಬಿಡುತ್ತದೆ. ಅದಕ್ಕೇ ಎರಡೂ ಅಂಚಲ್ಲಿ ಒಂದೂವರೆ ಮಿ.ಮೀ. ಖಾಲಿ ಬಿಟ್ಟು, ಅಕ್ಷರವನ್ನು ಚಿಕ್ಕದು ಮಾಡಿ, ದಪ್ಪ ಹೆಚ್ಚಿಸಿದೆ.

ಲಾಂಛನದ ವಿಷಯದಲ್ಲಿ ತುಂಬಾ ಚರ್ಚೆ ಆಯಿತು. ಪ್ರಕಾಶಕರಿಗೆ ಶಿಲಾಬಾಲಿಕೆ ಬೇಕಿತ್ತು. ಅಷ್ಟು ಕುಸುರಿ 6 ಮಿ.ಮೀ.ಗೆ ಇಳಿಸಿದರೆ ಬರೀ ಕಪ್ಪು ಚುಕ್ಕೆ. "ಸರ್, ಬೇಲೂರಿನ ಗುಡಿ ನಿಂತಿರುವ ಜಗತಿಯನ್ನೇ ತಗೊಳ್ಳೋಣ" ಅಂದೆ. ಆ ಕಟ್ಟೆಯ ನಕ್ಷತ್ರದಂಥ ಆಕಾರದ ಹೊರಗೆರೆ ಮಾತ್ರ ಇಟ್ಟುಕೊಂಡೆ. ಎಷ್ಟು ಚಿಕ್ಕದಾದರೂ ಗುರುತು ಸಿಗುತ್ತದೆ. ಮುದ್ರೆ ಒತ್ತಿದರೂ ಕೆಡುವುದಿಲ್ಲ.

ಬಣ್ಣಕ್ಕೆ ಇಂಗ್ಲಿಷ್ ಪ್ರಕಾಶನ ಪೆಂಗ್ವಿನ್ ನೆನಪಾಯಿತು. 1935ರಲ್ಲಿ ಶುರುವಾದಾಗ ಅವರು ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಪಟ್ಟಿ ಹಾಕುತ್ತಿದ್ದರು. ನಾವು ನಮ್ಮ ಸುತ್ತಲಿನ ಬಣ್ಣ ಹುಡುಕಿದೆವು. ಕಥೆ, ಕಾದಂಬರಿಗೆ ಕಾಫಿ ಹಣ್ಣಿನ ಕೆಂಪು. ವಿಮರ್ಶೆಗೆ ಬಳಪದ ಕಲ್ಲಿನ ಬೂದು. ಮ್ಯಾಟ್ ಲ್ಯಾಮಿನೇಶನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ) ಹಾಕಿದರೆ ಬಣ್ಣ ಮಂಕಾಗುತ್ತದೆ. ಕಂಪ್ಯೂಟರ್ ಪರದೆಯನ್ನು ನಂಬದೆ, ಲ್ಯಾಮಿನೇಶನ್ ಮಾಡಿದ ಪ್ರೂಫ್ ನೋಡಿಯೇ ಕೆಂಪು ಏರಿಸುತ್ತೇನೆ.

ಮುಂಬದಿಯನ್ನು ಮಾತ್ರ ಕಟ್ಟಿಹಾಕಲಿಲ್ಲ. ಕವಿತೆಗೆ ಬೇಕಾದ ಚಿತ್ರ ಬೇರೆ, ಕೃಷಿ ಪುಸ್ತಕಕ್ಕೆ ಬೇಕಾದ್ದು ಬೇರೆ. ಅಲ್ಲಿ ಕಲಾವಿದರದ್ದೇ ಮಾತು. ಮರುಮುದ್ರಣಕ್ಕೂ ಹೀಗೇ ಮಾಡುತ್ತೇವೆ. ಓದುಗರಿಗೆ ಪರಿಚಯವಿರುವ ಹಳೇ ಚಿತ್ರ ಉಳಿಸಿ, ಬೆನ್ನು, ಲಾಂಛನ ಮಾತ್ರ ಹೊಸದು. ಬೆನ್ನಿನ ಅಳತೆ ಮುಗಿಸುವ ಮೊದಲು ಪ್ರೆಸ್ಸಿನವರ ಹತ್ತಿರ ಅದೇ ಕಾಗದದ ಖಾಲಿ ಡಮ್ಮಿ (ಅಚ್ಚಿಲ್ಲದ ಮಾದರಿ ಪುಸ್ತಕ) ಕಟ್ಟಿಸಿಕೊಳ್ಳಿ. ಒಂದೇ ಜಿಎಸ್ಎಂ ಇದ್ದರೂ ಮಿಲ್ಲಿನಿಂದ ಮಿಲ್ಲಿಗೆ ದಪ್ಪ ಬದಲಾಗುತ್ತದೆ.